ಮಗಳನ್ನು ಕ್ರಿಕೆಟ್‌ಗೆ ಸೇರಿಸಲಾ ಅಂತ ಕೇಳಿದೆಯಲ್ಲ, ಮಂಜು

ಪ್ರೀತಿಯ ಮಂಜು,

"ಮಗಳು ಕೋಚಿಂಗಿಗೆ ಸೇರಿಸು ಅಂತ ಹಟ ಹಿಡಿದಿದ್ದಾಳೆ. ನೀನೂ ಆಡಿದವಳು, ಇದರಲ್ಲಿ ಅನ್ನ ಹುಟ್ಟುತ್ತಾ?" ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಇದೇ ಪ್ರಶ್ನೆ ಇಟ್ಟುಕೊಂಡ ಅಪ್ಪ ಅಮ್ಮಂದಿರು ಇನ್ನೂ ಎಷ್ಟೋ ಜನ ಇರುತ್ತಾರೆ, ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಬೇಸರ ಮಾಡ್ಕೋಬೇಡ.

ಅನ್ನದ ಪ್ರಶ್ನೆಯಿಂದಲೇ ಶುರು ಮಾಡ್ತೀನಿ. ನಮ್ಮ ಹೆಣ್ಣುಮಕ್ಕಳ ದೇಶೀಯ ಕ್ರಿಕೆಟ್ಟಿನ ಅರ್ಧ ಚರಿತ್ರೆ ಅದರೊಳಗೇ ಇದೆ. 1973ರಲ್ಲಿ ಪುಣೆಯಲ್ಲಿ ಮೊದಲ ರಾಷ್ಟ್ರೀಯ ಟೂರ್ನಿ ನಡೆದಾಗ ಬಂದದ್ದು ಮೂರೇ ತಂಡ: ಬಾಂಬೆ, ಮಹಾರಾಷ್ಟ್ರ, ಉತ್ತರ ಪ್ರದೇಶ. ಎರಡನೆಯ ಟೂರ್ನಿ ವಾರಾಣಸಿಯಲ್ಲಿ, ಅಲ್ಲಿ ಎಂಟು ತಂಡ. ಮೂರನೆಯದು ಕಲ್ಕತ್ತೆಯಲ್ಲಿ, ಹದಿನಾಲ್ಕು. ಆಡುವ ಹುಡುಗಿಯರಿಗೆ ಆಗಲೂ ಬರ ಇರಲಿಲ್ಲ, ನೋಡು. ಬರ ಇದ್ದದ್ದು ದುಡ್ಡಿಗೆ. ರಿಸರ್ವೇಶನ್ ಇಲ್ಲದ ಬೋಗಿಯಲ್ಲಿ ಪ್ರಯಾಣ, ಡಾರ್ಮಿಟರಿಯ ನೆಲದ ಮೇಲೆ ನಿದ್ದೆ, ಒಬ್ಬಳು ಔಟಾಗಿ ಬಂದರೆ ಅದೇ ಪ್ಯಾಡು ಇನ್ನೊಬ್ಬಳ ಕಾಲಿಗೆ. ಅಂಥ ದಿನಗಳಲ್ಲೇ ನಮ್ಮ ಶಾಂತಾ ರಂಗಸ್ವಾಮಿ ನಾಯಕಿಯಾಗಿ 1976ರ ಅಕ್ಟೋಬರ್ 31ರಂದು ಬೆಂಗಳೂರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಭಾರತದ ಮೊದಲ ಮಹಿಳಾ ಟೆಸ್ಟ್ ತಂಡವನ್ನು ಮೈದಾನಕ್ಕೆ ಇಳಿಸಿದ್ದು. ನಮ್ಮೂರಲ್ಲಿ ಕಣೋ! ನಾವು ಶಾಲೆಯಲ್ಲಿ ಇದನ್ನು ಯಾಕೆ ಓದಲಿಲ್ಲ ಅಂತ ನನಗೆ ಈಗಲೂ ಹೊಟ್ಟೆಯುರಿ.

ಇನ್ನು ರೈಲ್ವೇಸ್, ಅಂದರೆ ರೈಲ್ವೆ ಇಲಾಖೆಯ ತಂಡದ ಕಥೆ ಕೇಳು. 2006ರಲ್ಲಿ ಮಹಿಳಾ ಕ್ರಿಕೆಟ್ ಬಿಸಿಸಿಐ ಕೈಗೆ ಬಂತು, ಆ ಸಾಲಿನಿಂದಲೇ ಹಿರಿಯರ ಏಕದಿನ ಟೂರ್ನಿ ಶುರು. ಅದರ ಗೆದ್ದವರ ಪಟ್ಟಿ ತೆಗೆದು ನೋಡು: ರೈಲ್ವೇಸ್, ರೈಲ್ವೇಸ್, ರೈಲ್ವೇಸ್. ಹತ್ತಕ್ಕೂ ಹೆಚ್ಚು ಸಲ ಅವರೇ. ಮಿಥಾಲಿ ರಾಜ್ ಅಲ್ಲಿ, ನಮ್ಮ ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ ಕೂಡ ಅಲ್ಲಿ. 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಕಿತ್ತಳಲ್ಲ, ಅವಳೇ. ರೈಲ್ವೇಸ್ ಹತ್ತಿರ ಬೇರೆ ಯಾರಿಗೂ ಗೊತ್ತಿಲ್ಲದ ವಿದ್ಯೆ ಏನೂ ಇರಲಿಲ್ಲ. ಅವರು ಕೆಲಸ ಕೊಟ್ಟರು. ತಿಂಗಳ ಸಂಬಳ, ಅಭ್ಯಾಸಕ್ಕೆ ಬಿಡುವು. ಇಪ್ಪತ್ತೆರಡು ವರ್ಷದ ಹುಡುಗಿಗೆ "ಇನ್ನೂ ಎಷ್ಟು ದಿನ ಆಡ್ತೀಯ?" ಅಂತ ಮನೆಯಲ್ಲಿ ಯಾರೂ ಕೇಳದ ಹಾಗೆ ಮಾಡಿದರು. ನಾನು ಬಿಟ್ಟದ್ದು ಅದೇ ವಯಸ್ಸಿನಲ್ಲಿ, ನಿನಗೆ ಗೊತ್ತಲ್ಲ. ಆಟ ಬೇಸರ ಬಂದು ಬಿಡಲಿಲ್ಲ. ಅಪ್ಪನ ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಿನ್ನ ಮಗಳ ಹತ್ತಿರ ಉತ್ತರ ಇದೆ. ಡಬ್ಲ್ಯುಪಿಎಲ್, ಅಂದರೆ ಹೆಣ್ಣುಮಕ್ಕಳ ಐಪಿಎಲ್ ಮಾತು ಬಿಡು, ಅದನ್ನು ನೀನೇ ನೋಡಿದ್ದೀಯ. 2024ರ ಮಾರ್ಚ್ 17ರ ರಾತ್ರಿ ಆರ್‌ಸಿಬಿ ಗೆದ್ದಾಗ ನನಗೆ ಫೋನ್ ಮಾಡಿ ಕಿರುಚಿದವನು ನೀನೇ. ಶ್ರೇಯಾಂಕಾ ಪಾಟೀಲ್ 12 ರನ್ನಿಗೆ 4 ವಿಕೆಟ್ ತೆಗೆದ ಫೈನಲ್ ಅದು. ಆದರೆ ಹರಾಜಿನಲ್ಲಿ ಕೋಟಿ ಸಿಗುವುದು ಬೆರಳೆಣಿಕೆಯವರಿಗೆ. ಅದನ್ನು ನಂಬಿಕೊಂಡು ಮಗಳನ್ನು ಸೇರಿಸಬೇಡ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ರಾಜ್ಯ ತಂಡದ ಹುಡುಗಿಯ ದಿನದ ಮ್ಯಾಚ್ ಫೀಸು. 2021ರವರೆಗೆ 12,500 ರೂಪಾಯಿ ಇತ್ತು. ಆಮೇಲೆ 20,000 ಆಯ್ತು. 2025ರ ಕೊನೆಯಲ್ಲಿ ಏಕದಿನ ಪಂದ್ಯಕ್ಕೆ 50,000 ಮಾಡಿದರು. ಇದು ಟೀವಿಯಲ್ಲಿ ಬಾರದ, ಖಾಲಿ ಮೈದಾನದಲ್ಲಿ ಆಡುವ ಪಂದ್ಯದ ದುಡ್ಡು. ಬೇರೆ ರಾಜ್ಯಗಳೂ ಈಗ ಕಪ್ ಎತ್ತುತ್ತಿವೆ: ಒಮ್ಮೆ ಬಂಗಾಳ, ಮತ್ತೊಮ್ಮೆ ಮಧ್ಯಪ್ರದೇಶ. ನನಗೆ ರೈಲ್ವೇಸ್ ಮೇಲೆ ಗೌರವ ತುಂಬಾ, ಆದರೂ ಆ ಸುದ್ದಿ ಓದಿದಾಗ ಖುಷಿಯಾಯ್ತು.

ಕೆಳಗಿನ ಮೆಟ್ಟಿಲೂ ಈಗ ಇವೆ. 2022-23ರಿಂದ 15 ವರ್ಷದೊಳಗಿನವರಿಗೆ ರಾಷ್ಟ್ರೀಯ ಟೂರ್ನಿ ಇದೆ, ಆಮೇಲೆ 19, 23. 2025ರ ಜೂನಿಯರ್ ವಿಶ್ವಕಪ್ ಗೆದ್ದ ತಂಡದ ನಾಯಕಿ ನಿಕಿ ಪ್ರಸಾದ್ ನಮ್ಮ ಕರ್ನಾಟಕದವಳೇ. ಕೊರತೆ ಇನ್ನೂ ಇದೆ ಅನ್ನು. ಒಂದಕ್ಕಿಂತ ಹೆಚ್ಚು ದಿನ ಆಡುವ ದೇಶೀಯ ಪಂದ್ಯಗಳು 2018ರ ಹೊತ್ತಿಗೆ ನಿಂತೇ ಹೋಗಿ, 2024ರಲ್ಲಿ ಪುಣೆಯಲ್ಲಿ ವಲಯ ತಂಡಗಳ (ಹಲವು ರಾಜ್ಯ ಸೇರಿಸಿ ಕಟ್ಟಿದ ತಂಡಗಳು) ಮಧ್ಯೆ ಮತ್ತೆ ಶುರುವಾದವು. ಅದೂ ಮೂರು ದಿನದ್ದು, ಅದೂ ವಲಯಕ್ಕೆ ಆಯ್ಕೆಯಾದವರಿಗೆ ಮಾತ್ರ. ಇಪ್ಪತ್ತು ಓವರಿನಲ್ಲಿ ಬ್ಯಾಟ್ ಬೀಸುವುದು ಕಲಿಯಬಹುದು; ಬೆಳಗಿನ ಹೊಸ ಚೆಂಡನ್ನು ಆಡದೆ ಸುಮ್ಮನೆ ಬಿಡುವುದನ್ನು ಎಲ್ಲಿ ಕಲಿಯಬೇಕು? ರಾಜ್ಯ ರಾಜ್ಯಗಳ ಮಧ್ಯೆ ಅಂಥ ಪಂದ್ಯ ಬರಬೇಕು. ಈ ಒಂದು ವಿಷಯದಲ್ಲಿ ನಾನು ಯಾರ ಜೊತೆಗೂ ಜಗಳಕ್ಕೆ ಸಿದ್ಧ.

ಆಯ್ತು, ಸೇರಿಸು. ಸೇರಿಸುವ ಮೊದಲು ಕೋಚ್ ಹತ್ತಿರ ಒಂದು ಮಾತು ಕೇಳು: ನೆಟ್ಸ್‌ನಲ್ಲಿ ಅವಳಿಗೆ ಯಾವ ಚೆಂಡು ಹಾಕಿಸುತ್ತೀರಿ ಅಂತ. ಹೆಂಗಸರ ಚೆಂಡು ಹೆಚ್ಚೆಂದರೆ 151 ಗ್ರಾಂ, ಗಂಡಸರದ್ದು 156ರಿಂದ ಮೇಲೆ. ಹುಡುಗರ ಜೊತೆ ಅಭ್ಯಾಸ ಮಾಡಲಿ, ಒಳ್ಳೆಯದೇ. ಆದರೆ ಬೌಲಿಂಗ್ ಮಾಡುವಾಗ ಅವಳ ಕೈಗೆ ಅವಳ ಚೆಂಡೇ ಸಿಗಲಿ. ಕಾಲಿನ ಅಳತೆ ತೆಗೆದು ಕಳಿಸು, ಪ್ಯಾಡು ನಾನು ಇಲ್ಲಿಂದ ತರ್ತೀನಿ. ಬಲಗೈಯೋ ಎಡಗೈಯೋ, ಅದನ್ನೂ ಬರಿ.

ನಿನ್ನ,
ಹಳೆಯ ಆಫ್ ಸ್ಪಿನ್ನರ್