ಸೀನನಿಗೊಂದು ಪತ್ರ: ಚಪ್ಪಡಿ ಪುರಾಣ

ಲೋ ಸೀನಾ,

ಇದನ್ನು ನಿನ್ನ ವಾಟ್ಸಾಪ್‌ಗೇ ಕಳಿಸಬಹುದಿತ್ತು. ಆದರೆ ಅಲ್ಲಿ ಏನು ಕಳಿಸಿದರೂ ನೀನು ಒಂದು ಹೆಬ್ಬೆರಳು ಎತ್ತಿ ತೋರಿಸಿ ಸುಮ್ಮನಾಗುತ್ತೀಯ. ನಾಲ್ಕು ಜನರ ಮುಂದೆ ಬರೆದರೆ ಮರ್ಯಾದೆಗಾದರೂ ಉತ್ತರ ಕೊಡುತ್ತೀಯ ಅಂತ ಇಲ್ಲಿ ಹಾಕುತ್ತಿದ್ದೇನೆ. ಓದುತ್ತಿರುವ ಉಳಿದವರು, ಈ ಸೀನ ಯಾರು ಅಂತ ತಲೆ ಕೆಡಿಸಿಕೊಳ್ಳಬೇಡಿ. ಧಾರವಾಡದಲ್ಲಿದ್ದಾನೆ. ಮೇಷ್ಟ್ರ ಛತ್ರಿ ಇನ್ನೂ ಇವನ ಹತ್ತಿರವೇ ಇದೆ. ಅಷ್ಟು ಸಾಕು.

ಹೋದ ವಾರ ನಿಮ್ಮ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನ ಫೋಟೋ ಹಾಕಿ ‘ನಿಮ್ಮ ಬೆಂಗಳೂರಾಗ ಐತೇನು ಇಂಥಾದ್ದು?’ ಅಂತ ಕೇಳಿದ್ದೆಯಲ್ಲ. ಏಳು ವರ್ಷದಲ್ಲಿ ಮಾತನ್ನೂ ಅಲ್ಲಿಯದೇ ಮಾಡಿಕೊಂಡಿದ್ದೀಯ, ಸಂತೋಷ. ಇಲ್ಲಪ್ಪ, ನಮ್ಮಲ್ಲಿ ಬಸ್ಸಿಗೆ ಅಂತಲೇ ನಡು ರಸ್ತೆಯಲ್ಲಿ ಹಾಗೆ ದಾರಿ ಬಿಟ್ಟಿಲ್ಲ. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ 22 ಕಿ.ಮೀ. ನಿನ್ನ ಬಸ್ಸು ಸರ‍್ರನೆ ಓಡುತ್ತದೆ, ಒಪ್ಪಿದೆ. ಆದರೆ ನಿನ್ನ ಮನೆಯಿಂದ ಆ ಸ್ಟಾಪಿಗೆ ಹೇಗೆ ಹೋಗುತ್ತೀಯ? ಬೈಕಿನಲ್ಲಿ ಅಂತ ನಿನ್ನ ಹೆಂಡತಿ ನನ್ನವಳ ಹತ್ತಿರ ಹೇಳಿಯಾಗಿದೆ. ಸುಳ್ಳು ಹೇಳಬೇಡ.

ನಮ್ಮ ಕತೆಯೂ ಬೇರೆ ಅಲ್ಲ. 2021ರ ಆಗಸ್ಟ್ ಕೊನೆಗೆ ಕೆಂಗೇರಿಗೆ ಮೆಟ್ರೋ ಬಂದಾಗ ನಾನು ನಿನಗೆ ಫೋನ್ ಮಾಡಿ ಕುಣಿದಾಡಿದ್ದು ನೆನಪಿದೆಯಾ? ಮೈಸೂರು ರಸ್ತೆ ಸ್ಟೇಷನ್‌ನಿಂದ ಇಲ್ಲಿಗೆ ಏಳೂವರೆ ಕಿ.ಮೀ., ಆರು ಹೊಸ ಸ್ಟೇಷನ್. 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಲ್ಲಿ ಹತ್ತಿದರೆ ವೈಟ್‌ಫೀಲ್ಡ್‌ವರೆಗೆ ಇಳಿಯುವ ಅಗತ್ಯವೇ ಇಲ್ಲ. ಒಂದು ಕಾಲದಲ್ಲಿ ವೃಷಭಾವತಿ ಹೊಳೆಯ ಕೊಳಚೆ ವಾಸನೆ ಬಂದರೆ ಕೆಂಗೇರಿ ಬಂತು ಅಂತ ಕಣ್ಣು ಮುಚ್ಚಿಕೊಂಡೇ ಎದ್ದು ನಿಲ್ಲುತ್ತಿದ್ದ ನಾವು, ಈಗ ಎಸಿಯಲ್ಲಿ ಕೂತು ಹೆಣ್ಣುಮಗಳ ದನಿಯಲ್ಲಿ ಸ್ಟೇಷನ್ ಹೆಸರು ಕೇಳಿ ಇಳಿಯುತ್ತೇವೆ. ಊರಿನ ಆ ತುದಿಯಿಂದ ಈ ತುದಿಗೆ ಬರುವುದು ಸಲೀಸು. ಕಷ್ಟ ಇರುವುದು ಸ್ಟೇಷನ್‌ನಿಂದ ಕೆಂಗೇರಿ ಉಪನಗರದ ನಮ್ಮ ಮನೆಗೆ ಇರುವ ಒಂದೂಕಾಲು ಕಿ.ಮೀ.ನಲ್ಲಿ.

ಆಟೋಗೆ 2025ರ ಆಗಸ್ಟ್‌ನಿಂದ ಮೊದಲ ಎರಡು ಕಿ.ಮೀ.ಗೆ 36 ರೂಪಾಯಿ. ಅದು ಮೀಟರ್ ಲೆಕ್ಕ. ಇಷ್ಟು ಹತ್ತಿರಕ್ಕೆ ಬಾ ಅಂದರೆ ಅವರು ನನ್ನನ್ನು ನೋಡುವ ನೋಟಕ್ಕೆ ಬೇರೆ ಲೆಕ್ಕ. ಅಮ್ಮನಿಗೆ ಮಾತ್ರ ಈ ಚಿಂತೆಯೇ ಇಲ್ಲ. ಶಕ್ತಿ ಯೋಜನೆ ಬಂದಾಗಿನಿಂದ ಆಧಾರ್ ಕಾರ್ಡನ್ನು ತಾಳಿಗಿಂತ ಜೋಪಾನವಾಗಿ ಇಟ್ಟುಕೊಂಡಿದ್ದಾಳೆ. ಒಂದೇ ಒಂದು ಸ್ಟಾಪಿಗೂ ಬಸ್ಸು ಹತ್ತುತ್ತಾಳೆ. ಯಾವ ಬಸ್ಸು ಎಷ್ಟು ಹೊತ್ತಿಗೆ, ಯಾವ ಕಂಡಕ್ಟರ್ ಸಿಡುಕ, ಎಲ್ಲಾ ಬಾಯಿಪಾಠ. ನಮ್ಮ ಬಡಾವಣೆಯ ಸಾರಿಗೆ ತಜ್ಞೆ ಅಂತ ಯಾರನ್ನಾದರೂ ನೇಮಿಸುವುದಾದರೆ ಅವಳನ್ನೇ ನೇಮಿಸಬೇಕು. ಆದರೆ ನೇಮಿಸಿದ್ದು ನನ್ನನ್ನು.

ಹೌದು ಕಣೋ. ನಗಬೇಡ. ಬಡಾವಣೆ ಸಂಘದಲ್ಲಿ ‘ನಡಿಗೆ, ಸೈಕಲ್, ಬಸ್’ ಅಂತ ಒಂದು ಉಪಸಮಿತಿ ಮಾಡಿ ನನ್ನನ್ನು ಸಂಚಾಲಕ ಮಾಡಿದರು. 2017ರಲ್ಲಿ ಮೈಸೂರಿನಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಶುರುವಾದಾಗ ಚಾಮುಂಡಿ ಬೆಟ್ಟ ಹತ್ತುತ್ತೇವೆ ಅಂತ ಹೊರಟು, ಪಾದದ ಹತ್ತಿರ ಕಬ್ಬಿನ ಹಾಲು ಕುಡಿದು ವಾಪಸ್ ಬಂದ ಇಬ್ಬರಲ್ಲಿ ಒಬ್ಬ ಇವನು ಅಂತ ಅವರಿಗೆ ಗೊತ್ತಿಲ್ಲ. ನನ್ನ ಸೈಕಲ್ ಈಗ ಟೆರೇಸಿನಲ್ಲಿದೆ. ಅದರ ಮೇಲೆ ಕಾಲೊರೆಸುವ ಬಟ್ಟೆ ಒಣಗುತ್ತದೆ. ಮೆಟ್ರೋದೊಳಗೆ ಮಡಚುವ ಸೈಕಲ್ ಬಿಟ್ಟರೆ ಬೇರೆ ಒಯ್ಯುವ ಹಾಗಿಲ್ಲ. ಮುಖ್ಯ ರಸ್ತೆಯಲ್ಲಿ ಓಡಿಸೋಣ ಅಂದರೆ ಹಿಂದಿನಿಂದ ಬರುವ ಲಾರಿಯ ಹಾರನ್‌ಗೇ ಅರ್ಧ ಆಯುಷ್ಯ ಹೋಗುತ್ತದೆ. 2020ರಲ್ಲಿ, ಕೊರೊನಾ ಕಾಲದಲ್ಲಿ, ಹೊರವರ್ತುಲ ರಸ್ತೆಯಲ್ಲಿ ಗೂಟ ನೆಟ್ಟು ಸೈಕಲ್‌ಗೆ ಅಂತ ದಾರಿ ಮಾಡಿದ್ದರಲ್ಲ, ಬರಬರುತ್ತಾ ಅದರೊಳಗೂ ಬೈಕು ಕಾರು ನುಗ್ಗಿದವು. ಹಾಗಾಗಿ ಉಪಸಮಿತಿ ಸೈಕಲ್ ವಿಷಯವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಂಡಿದೆ. ಎಲ್ಲಾ ವರ್ಷವೂ.

ನಡಿಗೆ ವಿಷಯದಲ್ಲಿ ಮಾತ್ರ ನಾನು ನಿಜವಾಗಿ ಕೆಲಸ ಮಾಡಿದೆ. ಟೇಪು ಹಿಡಿದುಕೊಂಡು ಮನೆಯಿಂದ ಸ್ಟೇಷನ್‌ವರೆಗೆ ಅಳೆದೆ. ದೇಶದ ರಸ್ತೆಗಳಿಗೆ ನಿಯಮ ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ವಾಸದ ಬಡಾವಣೆಯಲ್ಲೂ ಫುಟ್‌ಪಾತಿನಲ್ಲಿ ನಡೆಯುವುದಕ್ಕೆ ಅಡ್ಡಿಯಿಲ್ಲದೆ 1.8 ಮೀಟರ್ ಅಗಲ ಇರಬೇಕು, ಎತ್ತರ 15 ಸೆಂ.ಮೀ. ಮೀರಬಾರದು. ನಮ್ಮಲ್ಲಿ ಮಂಡಿ ಎತ್ತರದ ಜಾಗಗಳಿವೆ. ಹತ್ತಲು ಆಗುವುದಿಲ್ಲ, ಹತ್ತಿದರೆ ಇಳಿಯಲು ಆಗುವುದಿಲ್ಲ. ಒಂದೂಕಾಲು ಕಿ.ಮೀ.ನಲ್ಲಿ 41 ಸಲ ನಾನು ಫುಟ್‌ಪಾತ್ ಬಿಟ್ಟು ರಸ್ತೆಗೆ ಇಳಿದೆ. ಟ್ರಾನ್ಸ್‌ಫಾರ್ಮರ್, ಹೂಕುಂಡ, ಮರಳಿನ ಗುಡ್ಡೆ, ಒಂದು ಸಣ್ಣ ಗಣಪತಿ ಗುಡಿ. ಮಿಕ್ಕಿದ್ದೆಲ್ಲಾ ಮನೆ ಮುಂದಿನ ಇಳಿಜಾರು.

ಈ ಇಳಿಜಾರಿನ ಕತೆ ಸ್ವಾರಸ್ಯವಾಗಿದೆ, ಕೇಳು. ಪ್ರತಿ ಸಲ ಡಾಂಬರು ಹಾಕುವಾಗ ಹಳೆಯದನ್ನು ಕೆರೆದು ತೆಗೆಯದೆ ಅದರ ಮೇಲೇ ಸುರಿಯುತ್ತಾರೆ. ರಸ್ತೆ ಬೆಳೆಯುತ್ತಾ ಹೋಗುತ್ತದೆ, ಮನೆ ಕುಗ್ಗುತ್ತಾ ಹೋಗುತ್ತದೆ. ಮಳೆ ನೀರು ಗೇಟಿನೊಳಗೆ ಬರುತ್ತದೆ. ಮನೆಯವರು ಗೇಟಿನ ಹತ್ತಿರ ದಿಂಡು ಕಟ್ಟುತ್ತಾರೆ, ಹೊಸದಾಗಿ ಕಟ್ಟುವವರು ಪಾಯವನ್ನೇ ಎತ್ತರಿಸುತ್ತಾರೆ. ಆಮೇಲೆ ಗಾಡಿ ಹತ್ತಿಸಬೇಕಲ್ಲ, ಅದಕ್ಕೆ ಇಳಿಜಾರು. ಅದು ಮೋರಿಯ ಚಪ್ಪಡಿಯನ್ನೂ ನುಂಗಿ ರಸ್ತೆಯವರೆಗೆ ನಾಲಿಗೆ ಚಾಚುತ್ತದೆ. ಒಬ್ಬೊಬ್ಬರನ್ನೇ ಕೇಳಿದರೆ ಎಲ್ಲರದೂ ನ್ಯಾಯವೇ. ಸಾಲಾಗಿ ನೋಡಿದರೆ ನಡೆಯಲು ಜಾಗವಿಲ್ಲ.

ಇದನ್ನೆಲ್ಲಾ ಸಭೆಯಲ್ಲಿ ಹೇಳಿದೆ. ಇಂಜಿನಿಯರೊಬ್ಬರನ್ನು ಕರೆಸಿದ್ದೆವು. 2020ರ ಸೆಪ್ಟೆಂಬರ್‌ನಿಂದ ಕಾರ್ಪೊರೇಟರ್ ಇಲ್ಲದ ಊರಿನಲ್ಲಿ ಇಂಜಿನಿಯರ್ ಸಿಕ್ಕಿದರೆ ದೇವರು ಸಿಕ್ಕಿದ ಹಾಗೆ, ಗೊತ್ತಲ್ಲ. ನಡೆಯಲು ಫುಟ್‌ಪಾತ್ ಇರುವುದು ಬದುಕುವ ಹಕ್ಕಿನ ಭಾಗ ಅಂತ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನೂ ಓದಿದೆ. ಜನ ಆಕಳಿಸಿದರು. ಆಗ ನಾನು ಅಪ್ಪನ ಫೋಟೋ ತೋರಿಸಿದೆ.

ಅಪ್ಪ ಬಿದ್ದ ವಿಷಯ ನಿನಗೆ ಹೇಳಿದ್ದೆ. ಮಣಿಕಟ್ಟು ಮುರಿಯಿತು, ಆರು ವಾರ ಪ್ಲಾಸ್ಟರ್. ಸಡಿಲವಾದ ಚಪ್ಪಡಿ ಎಡವಿ ಬಿದ್ದರು ಅಂತ ಹೇಳಿದ್ದೆ. ಸಭೆಯಲ್ಲೂ ಅದನ್ನೇ ಹೇಳಿದೆ. ಕೊರಳಿಗೆ ಕೈ ತೂಗುಹಾಕಿಕೊಂಡು ಕೂತ ಅಪ್ಪ, ಪಕ್ಕದಲ್ಲಿ ಅಲುಗಾಡುವ ಚಪ್ಪಡಿ, ಎರಡನ್ನೂ ಒಂದೇ ಹಾಳೆಯಲ್ಲಿ ಪ್ರಿಂಟ್ ಮಾಡಿಸಿದ್ದೆ. ಎದುರು ಮನೆಯ ಆಂಟಿ ಕಣ್ಣೊರೆಸಿಕೊಂಡರು. ಎಂಟೇ ದಿನದಲ್ಲಿ ಹೊಸ ಚಪ್ಪಡಿ ಬಂತು. ಉಪಸಮಿತಿಯ ಮೊದಲ ಗೆಲುವು, ಶಾಲು ಹೊದಿಸಿದರು.

ಸೀನಾ, ಅಪ್ಪ ಬಿದ್ದದ್ದು ಆ ಚಪ್ಪಡಿ ಹತ್ತಿರ ಅಲ್ಲ. ಅದು ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಇದೆ. ಅಪ್ಪ ಬಿದ್ದದ್ದು ನಮ್ಮ ಗೇಟಿನ ಮುಂದೆ. ನನ್ನ ಕಾರಿನ ಪಕ್ಕದಲ್ಲಿ.

ಕಾರು ನಿಲ್ಲಿಸುವ ಜಾಗವನ್ನು ನಾನು ಟೈಲರ್ ಅಂಗಡಿಗೆ ಬಾಡಿಗೆಗೆ ಕೊಟ್ಟಿದ್ದೇನೆ. ತಿಂಗಳಿಗೆ ಏಳು ಸಾವಿರ. ಕಾರು ಹೊರಗೆ, ಎರಡು ಚಕ್ರ ಫುಟ್‌ಪಾತಿನ ಮೇಲೆ, ಎರಡು ರಸ್ತೆಯಲ್ಲಿ. ರಸ್ತೆಯಲ್ಲಿ ಹೋಗುವವರಿಗೆ ತೊಂದರೆ ಆಗಬಾರದು ಅಂತ ಹಾಗೆ ಹತ್ತಿಸುತ್ತೇನೆ, ನೋಡು ನನ್ನ ಒಳ್ಳೆತನ. ಅಪ್ಪ ಸಂಜೆ ವಾಕಿಂಗ್ ಮುಗಿಸಿ ಬಂದರು. ಕಾರು ಸುತ್ತಿ ಬರಲು ರಸ್ತೆಗೆ ಇಳಿದರು. ಬೈಕು ಬಂತು, ತಗುಲಲಿಲ್ಲ, ಇವರೇ ಗಾಬರಿಯಾಗಿ ಹಿಂದೆ ಸರಿದು ನಮ್ಮ ಇಳಿಜಾರಿನ ಅಂಚಿಗೆ ಕಾಲು ಕೊಟ್ಟು ಬಿದ್ದರು. ನಾನು ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಿದ್ದೆ. ಕಣ್ಣಾರೆ ನೋಡಿದೆ.

ಆಸ್ಪತ್ರೆಯಲ್ಲಿ ಡಾಕ್ಟರು ‘ಎಲ್ಲಿ ಬಿದ್ರಿ?’ ಅಂತ ಅಪ್ಪನನ್ನು ಕೇಳಿದರು. ನಾನೇ ಬಾಯಿ ಹಾಕಿ ‘ಚಪ್ಪಡಿ ಸಾರ್, ಸಡಿಲ ಆಗಿತ್ತು’ ಅಂದೆ. ಯಾಕೆ ಹಾಗಂದೆನೋ. ಒಂದು ಸಲ ಅಂದಮೇಲೆ ಅಮ್ಮನಿಗೂ ಅದೇ, ಸಂಘಕ್ಕೂ ಅದೇ, ನಿನಗೂ ಅದೇ. ಹತ್ತು ಸಲ ಹೇಳಿದ ಮೇಲೆ ಅಪ್ಪ ಅಲ್ಲೇ ಬಿದ್ದ ಹಾಗೆ ನನಗೇ ಕಾಣತೊಡಗಿತು. ಅಪ್ಪ ಅವತ್ತು ನನ್ನ ಮುಖ ನೋಡಿದರು. ಏನೂ ಹೇಳಲಿಲ್ಲ.

ಪ್ಲಾಸ್ಟರ್ ಬಿಚ್ಚಿ ಎರಡು ತಿಂಗಳಾಯಿತು. ಅಪ್ಪ ವಾಕಿಂಗ್ ಹೋಗುತ್ತಿಲ್ಲ. ಮುರಿದದ್ದು ಕೈ. ಕೇಳಿದರೆ ‘ಕಾಲು ನೋವು’ ಅನ್ನುತ್ತಾರೆ. ದಿನಾ ಸಂಜೆ ಸ್ಟೇಷನ್‌ವರೆಗೆ ಹೋಗಿ, ಅಲ್ಲಿ ರಿಟೈರಾದವರ ಜೊತೆ ಕೂತು, ಇಳಿದು ಬರುವವರನ್ನು ಎಣಿಸಿಕೊಂಡು ಬರುತ್ತಿದ್ದ ಮನುಷ್ಯ ಈಗ ಬಾಲ್ಕನಿಯಲ್ಲಿ ಕೂರುತ್ತಾರೆ. ಕೆಳಗೆ ನನ್ನ ಕಾರು. ಮೊನ್ನೆ ನಾನು ಶಾಲು ಮಡಚಿ ಬೀರುವಿನಲ್ಲಿ ಇಡುತ್ತಿದ್ದಾಗ ಒಂದೇ ಮಾತು ಕೇಳಿದರು. ‘ಆ ಹೊಸ ಚಪ್ಪಡಿ ಗಟ್ಟಿಯಾಗಿದೆಯಲ್ಲ?’ ವ್ಯಂಗ್ಯವೋ, ನಿಜವಾಗಿ ಕೇಳಿದರೋ, ಇವತ್ತಿಗೂ ಗೊತ್ತಾಗುತ್ತಿಲ್ಲ ಕಣೋ. ಗಟ್ಟಿಯಾಗಿದೆ ಅಂದೆ.

ಇಷ್ಟೆಲ್ಲಾ ಬರೆಯಬೇಕು ಅಂತ ಕೂತಿರಲಿಲ್ಲ. ಬಸ್ಸು, ಆಟೋ, ನಿನ್ನ ಹೊಟ್ಟೆ ಅಂತ ಎರಡು ತಮಾಷೆ ಬರೆದು ಮುಗಿಸುವ ಲೆಕ್ಕ ಇತ್ತು. ಈಗ ಅಳಿಸಬೇಕು ಅನ್ನಿಸುತ್ತಿದೆ. ಅಳಿಸಿದರೆ ಅದೂ ಚಪ್ಪಡಿಯ ಕತೆಯೇ ಆಗುತ್ತದೆ. ಇರಲಿ. ಸಂಘದವರು ಯಾರಾದರೂ ಓದುತ್ತಿದ್ದರೆ, ಶಾಲು ಬೀರುವಿನ ಮೇಲಿನ ಅರೆಯಲ್ಲಿದೆ, ಒಂದು ಸಲವೂ ಒಗೆದಿಲ್ಲ, ಹಾಗೇ ಬೇರೆಯವರಿಗೆ ಹೊದಿಸಬಹುದು. ಮಂಗಳವಾರ ಸಭೆ ಇದೆ. ಸೋಮವಾರ ರಾತ್ರಿಯಿಂದ ನನಗೆ ಜ್ವರ.

ಟೈಲರ್‌ಗೆ ಜಾಗ ಬಿಡು ಅಂತ ಹೇಳಲು ಎರಡು ಸಲ ಒಳಗೆ ಹೋದೆ. ಎರಡು ಸಲವೂ ಪ್ಯಾಂಟಿನ ಸೊಂಟ ಬಿಡಿಸಲು ಅಳತೆ ಕೊಟ್ಟು ಬಂದೆ. ದೀಪಾವಳಿ ಕಳೆಯಲಿ ಅಂತ ಹೋದ ತಿಂಗಳು ಅಂದುಕೊಂಡೆ. ಈಗ ಸಂಕ್ರಾಂತಿ ಅಂತ ಅಂದುಕೊಂಡಿದ್ದೇನೆ. ನೀನು ಬೈಯುವುದಿದ್ದರೆ ಬೇಗ ಬೈ, ಉಪಯೋಗಕ್ಕೆ ಬರುತ್ತದೆ. ಬರುವಾಗ ಛತ್ರಿ ತಾ. ಪೇಡಾ ತರದಿದ್ದರೂ ಪರವಾಗಿಲ್ಲ ಅಂತ ನಾನು ಹೇಳುವುದಿಲ್ಲ.

ಅಂದಹಾಗೆ, ನಿನ್ನೆ ರಾತ್ರಿ ಕಾರನ್ನಂತೂ ಮನೆ ಮುಂದಿನಿಂದ ತೆಗೆದೆ. ಹಿಂದಿನ ಕ್ರಾಸಿನಲ್ಲಿ ನಿಲ್ಲಿಸಿದ್ದೇನೆ. ಅಲ್ಲಿ ಫುಟ್‌ಪಾತೇ ಇಲ್ಲ, ಯಾರಿಗೂ ತೊಂದರೆ ಇಲ್ಲ.

ನಿನ್ನ,
ಮಾಜಿ ಸಂಚಾಲಕ (ಮಂಗಳವಾರದಿಂದ)