ಮಗಳಿಗೊಂದು ಪತ್ರ: ಕನ್ನಡಕ್ಕೂ ಐದು ಅಂಕ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಅತ್ತಿದ್ದು ಕೇಳಿ ನನಗೆ ನಿದ್ದೆ ಹತ್ತಲಿಲ್ಲ. ಬೆಳಗ್ಗೆ ಎದ್ದವಳೇ ನೀನು ಕಳಿಸಿದ್ದ, ಆಸ್ಟ್ರೇಲಿಯಾ ವೀಸಾಕ್ಕಾಗಿ ನಿನ್ನ ಓದು, ಅನುಭವ ಅಳೆದ ಆ ಸ್ಕಿಲ್ ಅಸೆಸ್‌ಮೆಂಟ್ ಪತ್ರವನ್ನು ಇನ್ನೊಂದು ಸಲ ಓದಿದೆ. ನಿನ್ನ ಡಿಗ್ರಿ ಒಪ್ಪಿದ್ದಾರೆ, ಕೆಲಸವನ್ನೂ ಒಪ್ಪಿದ್ದಾರೆ. ಆದರೆ ಒಂಬತ್ತು ವರ್ಷ ಚಿಲ್ಲರೆ ಅನುಭವದಲ್ಲಿ ಮೊದಲ ಎರಡು ವರ್ಷ ಕಳೆದಿದ್ದಾರೆ. ಆ ಎರಡು ವರ್ಷ ನೀನು ಕೆಲಸ ಕಲಿತ ಕಾಲ, ಆಮೇಲಿನದ್ದು ಮಾತ್ರ ನುರಿತವಳ ಕೆಲಸ ಅನ್ನುವುದು ಅವರ ಲೆಕ್ಕ. ನಿನಗೆ ಹೊಟ್ಟೆ ಉರಿದದ್ದು ಸಹಜ. ರಾತ್ರಿ ಹತ್ತು ಗಂಟೆಗೆ ಮನೆಗೆ ಬಂದು, ಊಟ ಬಿಟ್ಟು ಮತ್ತೆ ಲ್ಯಾಪ್‌ಟಾಪ್ ತೆರೆಯುತ್ತಿದ್ದ ವರ್ಷಗಳು ಅವೇ ಅಲ್ವಾ? ನಾನು ಕಣ್ಣಾರೆ ನೋಡಿದ್ದೇನೆ.

ಆದರೂ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಆ ವೀಸಾ ಏಜೆಂಟ್ ಹೇಳಿದ ಹಾಗೆ ಮಾಡಬೇಡ. ಅನುಭವ ಎಂಟು ವರ್ಷ ಅಂತಲೇ ತುಂಬಿಬಿಡಿ, ವೀಸಾ ಲೆಕ್ಕದಲ್ಲಿ ಹದಿನೈದು ಅಂಕ ಬರುತ್ತದೆ, ಆಮೇಲೆ ನೋಡಿಕೊಳ್ಳೋಣ ಅಂದನಂತೆ. ಆಮೇಲೆ ನೋಡಿಕೊಳ್ಳಬೇಕಾದವಳು ನೀನು, ಅವನಲ್ಲ. ಆಸ್ಟ್ರೇಲಿಯಾದವರು ಮೊದಲು ನೀನು ಬರೆದದ್ದನ್ನೇ ನಂಬಿ, ವೀಸಾಕ್ಕೆ ಅರ್ಜಿ ಹಾಕು ಅಂತ ಆಹ್ವಾನ ಕಳಿಸುತ್ತಾರೆ. ಅರವತ್ತು ದಿನದೊಳಗೆ ಅರ್ಜಿ ಹಾಕಬೇಕು. ಒಂದೊಂದು ಕಾಗದವನ್ನೂ ಹಿಡಿದು ನೋಡುವುದು ಆಗಲೇ. ಆಹ್ವಾನ ಬಂದಾಗಿನ ಅಂಕಕ್ಕಿಂತ ಕಡಿಮೆ ಸಿಕ್ಕಿತೋ, ಅರ್ಜಿ ತಿರಸ್ಕಾರ. ನಾಲ್ಕು ಸಾವಿರ ಡಾಲರ್‌ಗಿಂತ ಜಾಸ್ತಿ ಶುಲ್ಕ ಕಟ್ಟಿರುತ್ತೀಯ, ಅದೂ ಹೋಯಿತು. ಸುಳ್ಳು ಮಾಹಿತಿ ಕೊಟ್ಟಿದ್ದಾಳೆ ಅಂತ ತೀರ್ಮಾನವಾದರೆ ಮೂರು ವರ್ಷ ಬಾಗಿಲು ಮುಚ್ಚಿದಂತೆಯೇ. ನಿನ್ನ ಏಳು ವರ್ಷ ಅಪ್ಪಟ ಏಳು ವರ್ಷ. ಅದಕ್ಕೆ ಹತ್ತು ಅಂಕ. ಅಷ್ಟನ್ನೇ ಬರೆ.

ಈಗ ನನ್ನ ಲೆಕ್ಕದ ಪುಸ್ತಕ ತೆಗೆದಿದ್ದೇನೆ, ನೋಡು. ವಯಸ್ಸಿಗೆ 30. ಡಿಗ್ರಿಗೆ 15. ಅನುಭವಕ್ಕೆ 10. ಇಂಗ್ಲಿಷಿಗೆ ಈಗ ಇರುವುದು 10. ಮದುವೆ ಆಗದವರಿಗೆ ಕೊಡುವ 10. ಒಟ್ಟು 75. ಕನಿಷ್ಠ 65 ಇದ್ದರೆ ಸಾಲಿನಲ್ಲಿ ನಿಲ್ಲಬಹುದು ಅನ್ನುತ್ತಾರೆ, ಆದರೆ ನಿಂತವರಲ್ಲಿ ಜಾಸ್ತಿ ಅಂಕದವರನ್ನು ಮೊದಲು ಕರೆಯುತ್ತಾರೆ. ಕಂಪ್ಯೂಟರ್ ಕೆಲಸದವರ ಸಾಲಂತೂ ಉದ್ದ. ಹಾಗಾಗಿ 75 ಸಾಲದು ಅಂತ ನೀನು ಹೆದರಿದ್ದರಲ್ಲಿ ಅರ್ಥವಿದೆ.

ಇನ್ನೊಂದು ಭಯ ನೀನು ಬಾಯಿಬಿಟ್ಟು ಹೇಳಲಿಲ್ಲ, ನನಗೆ ಗೊತ್ತಾಯಿತು. ಮಾರ್ಚ್‌ಗೆ ನಿನಗೆ 33 ತುಂಬುತ್ತದೆ. 25ರಿಂದ 32ರವರೆಗೆ 30 ಅಂಕ, 33 ಆದ ದಿನದಿಂದ 25. ನೀನು ಅರ್ಜಿ ತುಂಬಿದ ದಿನದ ವಯಸ್ಸು ಅವರಿಗೆ ಬೇಡ, ಆಹ್ವಾನ ಬಂದ ದಿನದ್ದು ಬೇಕು. ನಿನ್ನ ಹುಟ್ಟುಹಬ್ಬವನ್ನು ನಾವು ಯಾವತ್ತೂ ಹೀಗೆ ಎಣಿಸಿದವರಲ್ಲ. ಆದರೆ ಇದನ್ನೂ ನೋಡು: ಆಗಸ್ಟ್‌ಗೆ ಅವರು ಒಪ್ಪಿದ ಅನುಭವ ಎಂಟು ವರ್ಷ ಆಗುತ್ತದೆ. ಆಗ ಹತ್ತು ಇದ್ದದ್ದು ಹದಿನೈದು. ಮಾರ್ಚ್‌ನಲ್ಲಿ ಹೋದ ಐದು ಆಗಸ್ಟ್‌ನಲ್ಲಿ ಬಂತು. ನಡುವೆ ಇರುವುದು ಐದೇ ತಿಂಗಳು. ಮಾರ್ಚ್ ದಾಟಿದರೆ ಎಲ್ಲ ಮುಗಿಯಿತು ಅಂದೆಯಲ್ಲ, ಹಾಗೇನೂ ಇಲ್ಲ. ಆದರೆ ಅಲ್ಲಿಯವರೆಗೂ ಇದೇ ಕೆಲಸದಲ್ಲಿ ಇರು. ಬೇಜಾರಾಗಿ ಬೇರೆ ಥರದ ಕೆಲಸಕ್ಕೆ ಹಾರಿದರೆ ಆ ತಿಂಗಳುಗಳು ಲೆಕ್ಕಕ್ಕೆ ಸಿಗುವುದಿಲ್ಲ.

ಇಂಗ್ಲಿಷ್ ಪರೀಕ್ಷೆ ಇನ್ನೊಂದು ಸಲ ಬರೆ. ಮೇಲಿನ ಹಂತ ಮುಟ್ಟಿದರೆ ಹತ್ತು ಇದ್ದದ್ದು ಇಪ್ಪತ್ತಾಗುತ್ತದೆ. ಇಷ್ಟು ದೊಡ್ಡ ಜಿಗಿತ ನಿನಗೆ ಬೇರೆ ಎಲ್ಲೂ ಸಿಗುವುದಿಲ್ಲ. ಕೇಳುವುದು, ಓದುವುದು, ಮಾತು ಮೂರರಲ್ಲೂ ನೀನು ಮುಟ್ಟಿದ್ದೀಯ. ಬರವಣಿಗೆ ಒಂದರಲ್ಲಿ ಎಡವಿದೆ, ನಾಲ್ಕರಲ್ಲಿ ಒಂದು ಕೆಳಗಿದ್ದರೂ ಅವರು ಕೊಡುವುದಿಲ್ಲ. ನೀನು ಕಳಿಸಿದ ಮೂರು ಪ್ರಬಂಧ ಓದಿದೆ. ಮೂವತ್ತು ವರ್ಷ ಮಕ್ಕಳ ಉತ್ತರ ಪತ್ರಿಕೆ ತಿದ್ದಿದ ಕಣ್ಣು ಇದು. ನಿನ್ನ ಭಾಷೆಯಲ್ಲಿ ತಪ್ಪಿಲ್ಲ. ಪ್ರಶ್ನೆಯಲ್ಲಿ ಎರಡು ಭಾಗ ಇದೆ, ನೀನು ಮೊದಲನೆಯದಕ್ಕೇ ಒಂದೂವರೆ ಪುಟ ಬರೆದು ಎರಡನೆಯದನ್ನು ಕೊನೆಯ ಎರಡು ಸಾಲಿನಲ್ಲಿ ತುರುಕಿದ್ದೀಯ. ಮೂರರಲ್ಲೂ ಇದೇ ಕತೆ. ಐದು ನಿಮಿಷ ಪೆನ್ನು ಕೆಳಗಿಟ್ಟು ಯೋಚನೆ ಮಾಡಿ ಆಮೇಲೆ ಶುರು ಮಾಡು. ಚಿಕ್ಕವಳಿದ್ದಾಗಲೂ ನಿನಗೆ ಇದೇ ಹೇಳುತ್ತಿದ್ದೆ.

ಇನ್ನು ನನಗೆ ತುಂಬಾ ಖುಷಿ ಕೊಟ್ಟ ಅಂಕಕ್ಕೆ ಬರುತ್ತೇನೆ. ಕನ್ನಡಕ್ಕೆ ಐದು. ನೀನು ಮೊದಲ ಸಲ ಹೇಳಿದಾಗ ನಾನು ನಂಬಲಿಲ್ಲ. ಭಾಷಾಂತರಕಾರರನ್ನು ಪರೀಕ್ಷಿಸುವ ಆಸ್ಟ್ರೇಲಿಯಾದ ‘ನಾಟಿ’ ಸಂಸ್ಥೆಯ ಸಿಸಿಎಲ್ ಪರೀಕ್ಷೆ, ಎರಡು ಸಂಭಾಷಣೆ, ಒಬ್ಬರು ಇಂಗ್ಲಿಷಿನಲ್ಲಿ, ಇನ್ನೊಬ್ಬರು ಕನ್ನಡದಲ್ಲಿ, ನಡುವೆ ನೀನು ಎರಡೂ ಕಡೆಗೆ ಮಾತು ದಾಟಿಸಬೇಕು. ತೊಂಬತ್ತಕ್ಕೆ ಅರವತ್ತಮೂರು, ಒಂದೊಂದರಲ್ಲೂ ನಲವತ್ತೈದಕ್ಕೆ ಇಪ್ಪತ್ತೊಂಬತ್ತು ಬಂದರೆ ಪಾಸ್. ಅದಾದ ಮೇಲೆ ನಾನು ಅಲ್ಲಿನ ಹಳೇ ಕಾನೂನಿನ ಬಗ್ಗೆ ಓದುತ್ತಾ ಕೂತೆ. 1901ರಲ್ಲಿ ಅಲ್ಲಿಯೂ ಒಂದು ಭಾಷಾ ಪರೀಕ್ಷೆ ತಂದಿದ್ದರು, ಗೊತ್ತಾ? ಬಂದವರಿಗೆ ಯುರೋಪಿನ ಯಾವುದಾದರೂ ಒಂದು ಭಾಷೆಯಲ್ಲಿ ಐವತ್ತು ಪದ ಉಕ್ತಲೇಖನ ಕೊಡುವುದು. ಯಾವ ಭಾಷೆ ಅನ್ನುವುದು ಅಧಿಕಾರಿಯ ಇಷ್ಟ. ಬಿಳಿಯರಲ್ಲದವರನ್ನು ಹೊರಗಿಡುವುದಕ್ಕೇ ಮಾಡಿದ ಪರೀಕ್ಷೆ. ಬೇಡದವರು ಇಂಗ್ಲಿಷ್ ಬಲ್ಲವರಾದರೆ ಇನ್ನೊಂದು ಭಾಷೆಯಲ್ಲಿ ಕೊಡುತ್ತಿದ್ದರು. 1934ರಲ್ಲಿ ಎಗಾನ್ ಕಿಶ್ ಅನ್ನುವ ಪತ್ರಕರ್ತ ಬಂದ. ಹಿಟ್ಲರ್‌ನ ವಿರುದ್ಧ ಮಾತಾಡಲು ಬಂದವನು, ಹಲವು ಭಾಷೆ ಬಲ್ಲವನು. ಅವನಿಗೆ ಸ್ಕಾಟಿಷ್ ಗೇಲಿಕ್‌ನಲ್ಲಿ ಉಕ್ತಲೇಖನ ಕೊಟ್ಟರು! ಕೊನೆಗೆ ಅಲ್ಲಿನ ಹೈಕೋರ್ಟೇ ಅದು ಸಲ್ಲದು ಅಂದಿತು. 1958ರವರೆಗೂ ಆ ಪರೀಕ್ಷೆ ಕಾನೂನಿನಲ್ಲಿ ಉಳಿದಿತ್ತು.

ಅಂಕ ಎಣಿಸುವ ಪದ್ಧತಿ ಮೊದಲು ಬಂದದ್ದು ಕೆನಡಾದಲ್ಲಿ, 1967ರಲ್ಲಿ. ಆಸ್ಟ್ರೇಲಿಯಾಕ್ಕೆ 1979ರಲ್ಲಿ ಬಂತು. ಎಲ್ಲಿ ಹುಟ್ಟಿದೆ, ಯಾವ ಬಣ್ಣ ಅಂತ ಕೇಳುವ ಬದಲು ಏನು ಓದಿದ್ದೀಯ, ಏನು ಮಾಡಬಲ್ಲೆ ಅಂತ ಕೇಳಲು ಶುರು ಮಾಡಿದರು. ಈ ಲೆಕ್ಕ ನಿನ್ನನ್ನು ಅಳಿಸಿದೆ, ನನಗೂ ಅದರ ಮೇಲೆ ಸಿಟ್ಟಿದೆ. ಆದರೆ ಒಂದು ಕಾಲಕ್ಕೆ ಭಾಷೆಯನ್ನು ಅಗುಳಿ ಮಾಡಿ ಬಾಗಿಲಿಗೆ ಹಾಕಿಕೊಂಡಿದ್ದ ದೇಶ ಇವತ್ತು ನನ್ನ ಮಗಳ ಕನ್ನಡಕ್ಕೆ ಐದು ಅಂಕ ಕೊಡುತ್ತದೆ. ಅದನ್ನು ನೆನೆಸಿಕೊಂಡರೆ ನನಗೆ ಗಂಟಲು ಕಟ್ಟುತ್ತದೆ.

ಆ ಐದನ್ನು ಬಿಡಬೇಡ. ಕನ್ನಡ ತಾನೇ ಅಂತ ಸಸಾರ ಮಾಡಲೂಬೇಡ. ಹೋದ ಭಾನುವಾರ ಅಭ್ಯಾಸ ಮಾಡಿದಾಗ ಏನಾಯಿತು ನೆನಪಿದೆಯಾ? ನಾನು ರೋಗಿ ಆಗಿದ್ದೆ. ‘ಎರಡು ದಿನದಿಂದ ಪಕ್ಕೆಯಲ್ಲಿ ಚಳುಕು ಹಿಡಿದಿದೆ ಡಾಕ್ಟ್ರೇ, ಉಸಿರು ಎಳೆದರೆ ಜಾಸ್ತಿ ಆಗುತ್ತದೆ’ ಅಂದೆ. ನೀನು ಇಂಗ್ಲಿಷಿಗೆ ತರುವಾಗ ಹೊಟ್ಟೆನೋವು ಅಂದುಬಿಟ್ಟೆ. ಪಕ್ಕೆ ಅನ್ನುವ ಪದ ನಿನ್ನ ಬಾಯಿಂದ ಜಾರಿ ಎಷ್ಟು ವರ್ಷ ಆಯಿತೋ. ನಿಜವಾದ ಆಸ್ಪತ್ರೆಯಲ್ಲಿ ಆಗಿದ್ದರೆ ಆ ಡಾಕ್ಟರು ಬೇರೆ ಜಾಗ ಒತ್ತಿ ನೋಡುತ್ತಿದ್ದರು. ಅದಕ್ಕೇ ಒಂದು ನೋಟ್‌ಬುಕ್ ಮಾಡಿದ್ದೇನೆ. ಒಂದು ಪುಟ ಮೈಯ ಭಾಗಗಳು, ಒಂದು ಪುಟ ಬಾಡಿಗೆ ಮನೆಯ ಮಾತು, ಒಂದು ಪುಟ ಕೋರ್ಟಿನದ್ದು. ಜಾಮೀನು, ಮುಂಗಡ, ಕರಾರು, ಪರಿಹಾರ. ಪುಟಗಳ ಫೋಟೋ ತೆಗೆದು ಕಳಿಸುತ್ತೇನೆ.

ಹಳೇ ಕಂಪನಿಯವರು ಕೆಲಸದ ವಿವರ ಬರೆದುಕೊಡಲು ಒಪ್ಪದಿದ್ದಾಗಲೂ ನೀನು ಹೀಗೇ ಕುಸಿದಿದ್ದೆ. ಆಮೇಲೆ ಜೊತೆಯಲ್ಲಿ ಕೆಲಸ ಮಾಡಿದ ಹುಡುಗಿಯೇ ಪ್ರಮಾಣಪತ್ರ ಬರೆದುಕೊಟ್ಟಳು, ನೀನು ಜೋಪಾನ ಮಾಡಿದ್ದ ಸಂಬಳದ ಚೀಟಿಗಳು ಉಳಿದದ್ದನ್ನು ಹೇಳಿದವು.

ರಾಜ್ಯಗಳ ಕಡೆಯಿಂದಲೂ ದಾರಿ ಇದೆ. ಅಲ್ಲಿನ ಒಂದು ರಾಜ್ಯ ನಿನ್ನನ್ನು ಬೇಕು ಅಂದರೆ 190 ಅನ್ನುವ ವೀಸಾದಲ್ಲಿ ಐದು ಅಂಕ, 491 ಅನ್ನುವುದರಲ್ಲಿ ಹದಿನೈದು. 491 ಅಂದರೆ ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟು ಬೇರೆ ಕಡೆ ಇರಬೇಕು, ಕಾಯಂ ವೀಸಾ ಸಿಗಲು ಮೂರು ವರ್ಷವಾದರೂ ಕಾಯಬೇಕು. ಅಡಿಲೇಡ್, ಪರ್ತ್ ಕೂಡ ಅದರಲ್ಲೇ ಬರುತ್ತವೆ. ದೊಡ್ಡ ಊರೇ ಆಗಬೇಕು ಅಂತ ಹಟ ಹಿಡಿಯಬೇಡ.

ಮದುವೆ ವಿಷಯ ಈ ಲೆಕ್ಕಕ್ಕೆ ತರಬೇಡ. ಆ ಹತ್ತು ಅಂಕ ಉಳಿಸಿಕೊಳ್ಳಲು ಮುಂದೂಡುವುದೂ ಬೇಡ, ಯಾರೋ ಕೇಳುತ್ತಾರೆ ಅಂತ ಆತುರವೂ ಬೇಡ. ಚಿಕ್ಕಮ್ಮ ಕೇಳಿದರೆ ನಾನು ಮಾತಾಡಿಕೊಳ್ಳುತ್ತೇನೆ.

ಇಂಗ್ಲಿಷಿನಿಂದ ಹತ್ತು, ಕನ್ನಡದಿಂದ ಐದು ಸೇರಿದರೆ ತೊಂಬತ್ತು. ಒಂದು ಅಕ್ಷರವೂ ಸುಳ್ಳಿಲ್ಲದ ತೊಂಬತ್ತು. ಪರೀಕ್ಷೆಯ ದಿನ ಗೊತ್ತು ಮಾಡಿಕೊಂಡು ನನಗೆ ಹೇಳು.

ಭಾನುವಾರ ಬೆಳಗ್ಗೆ ಎಂಟಕ್ಕೆ ಫೋನ್ ಮಾಡು. ಈ ಸಲ ನಾನು ಬಾಡಿಗೆ ಮನೆಯವಳು. ಮನೆಯ ಸೂರು ಸೋರುತ್ತಿದೆ, ಮಾಲೀಕರು ಮುಂಗಡ ವಾಪಸ್ ಕೊಡುತ್ತಿಲ್ಲ. ತುಂಬಾ ಸಿಟ್ಟಿನಲ್ಲಿ, ಬೇಗಬೇಗ ಮಾತಾಡುತ್ತೇನೆ. ಪೆನ್ನು, ಕಾಗದ ಹತ್ತಿರ ಇಟ್ಟುಕೋ.

ಪ್ರೀತಿಯಿಂದ,
ಅಮ್ಮ