ಮೈಕ್ ಸೆಟ್ಟಿನ ಅಣ್ಣನಿಗೆ, ಮತ್ತು ಉಳಿದೆಲ್ಲರಿಗೆ

ಕಳೆದ ಶನಿವಾರ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನಮ್ಮ ಹೆವಿ ರಾಕ್ ಬ್ಯಾಂಡಿನ ಮೊದಲ ಪೂರ್ಣ ಕಾರ್ಯಕ್ರಮ ನಡೆಯಿತು. ಕೇಳಲು ಬಂದವರಿಗೆ, ಸದಾಶಿವಗಡದಲ್ಲಿ ಬಲೆ ಇಡುವ ಕೋಣೆಯನ್ನು ಅಭ್ಯಾಸಕ್ಕೆ ಬಿಟ್ಟುಕೊಟ್ಟ ಗೆಳೆಯನ ಮನೆಯವರಿಗೆ, ನಮ್ಮ ಗದ್ದಲವನ್ನು ಸಹಿಸಿಕೊಂಡ ನೆರೆಹೊರೆಯವರಿಗೆ, ಡ್ರಮ್ ಕೊಳ್ಳಲು ಸಾಲ ಕೊಟ್ಟು ಇಂದಿಗೂ ಕೇಳದಿರುವ ದೊಡ್ಡಪ್ಪನಿಗೆ ನಾವು ನಾಲ್ವರೂ ಋಣಿಗಳು.

ಆದರೆ ಈ ಬರಹ ಮುಖ್ಯವಾಗಿ ಒಬ್ಬರಿಗಾಗಿ. ಹೆಸರು ಹಾಕಕೂಡದೆಂದು ಕಟ್ಟುನಿಟ್ಟಾಗಿ ಹೇಳಿದ್ದಾರಾದ್ದರಿಂದ ಮೈಕ್ ಸೆಟ್ಟಿನ ಅಣ್ಣ ಎಂದಷ್ಟೇ ಬರೆಯುತ್ತೇನೆ. ಹೊನ್ನಾವರದಿಂದ ಕಾರವಾರದವರೆಗೆ ಯಕ್ಷಗಾನದ ಆಟ ನೋಡುವವರಿಗೆ ಅಷ್ಟು ಸಾಕು.

ನಾವು ಗೆಳೆಯರು ಬ್ಯಾಂಡ್ ಕಟ್ಟಿದ ಹೊಸತರಲ್ಲಿ ಗಿಟಾರ್ ಜೋಡಿಸಿದ ಕೂಡಲೇ ಆಂಪ್ಲಿಫೈಯರ್ ಗುಂಯ್ ಎನ್ನುತ್ತಿತ್ತು, ತಂತಿ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ನೋಡಲು ಬಂದ ಅಣ್ಣ ಗಿಟಾರಿನತ್ತ ಕಣ್ಣೂ ಹಾಯಿಸದೆ ಕೋಣೆಯ ಹಿಂದೆ ಹೋಗಿ ಅರ್ಥಿಂಗ್ ಗುಂಡಿಯನ್ನು ಹುಡುಕಿದರು. ಬೇಸಿಗೆಗೆ ಒಣಗಿ ಕಲ್ಲಾಗಿದ್ದ ಕೆಮ್ಮಣ್ಣನ್ನು ನಮ್ಮಿಂದಲೇ ಅಗೆಸಿ, ಇದ್ದಿಲು ಮತ್ತು ಕಲ್ಲುಪ್ಪು ತುಂಬಿಸಿ, ಕೊಡಗಟ್ಟಲೆ ನೀರು ಸುರಿಸಿದರು. "ಮಣ್ಣು ಒಣಗಿದರೆ ಕರೆಂಟಿಗೆ ಇಳಿಯಲು ದಾರಿ ಎಲ್ಲಿದೆ ತಮ್ಮಾ?" ಎಂದರು. ಅಂದಿನಿಂದ ಅವರು ನಮ್ಮವರಾದರು, ನಮ್ಮ ಸಂಗೀತ ಅವರಿಗೆ ಇಂದಿಗೂ ಹಿಡಿಸದಿದ್ದರೂ.

ಡ್ರಮ್ಮರನಿಗೆ ಜೂನ್‌ನಲ್ಲಿ ಬಲಗೈಗೆ ಪೆಟ್ಟಾಗಿ ಜೀವವೇ ಅಪಾಯದಲ್ಲಿದ್ದುದು ನಿಮಗೆಲ್ಲ ಗೊತ್ತು. ಇಂಥ ಹೊತ್ತಿನಲ್ಲಿ ನಮ್ಮ ಜಿಲ್ಲೆಯವರಿಗೆ ದೊಡ್ಡ ಆಸ್ಪತ್ರೆಗೆ ಗೋವಾ, ಇಲ್ಲವೇ ಮಣಿಪಾಲ, ಮಂಗಳೂರು ಎಂಬುದೇ ದಾರಿಯಾಗಿರುವುದರಿಂದ, ಸುರಿವ ಮಳೆಯಲ್ಲಿ ಆಂಬ್ಯುಲೆನ್ಸಿನ ಹಿಂದೆಯೇ ಅವರು ತಮ್ಮ ಟೆಂಪೋದಲ್ಲಿ ನಮ್ಮನ್ನು ಕೂರಿಸಿಕೊಂಡು ಹೊರಟರು. "ಬೆಳಗಾಗುವ ತನಕ ಆಟಕ್ಕೆ ಎಚ್ಚರ ಇದ್ದು ರೂಢಿಯಿದೆ, ನೀವು ಸ್ವಲ್ಪ ಮಲಗಿ" ಎಂದವರು ಶಸ್ತ್ರಚಿಕಿತ್ಸೆಯ ಕೋಣೆಯ ಎದುರಿನ ಬೆಂಚಿನಿಂದ ಏಳಲಿಲ್ಲ. ನನಗೆ ನಿದ್ದೆ ಬರಲಿಲ್ಲ. ಅವನು ಬದುಕಿದರೆ ಸಾಕು, ಬ್ಯಾಂಡೂ ಬೇಡ, ಏನೂ ಬೇಡ, ಗಿಟಾರನ್ನು ಕಾಳಿ ನದಿಗೆ ಎಸೆದುಬಿಡುತ್ತೇನೆ ಎಂದು ಅವರ ಹೆಗಲಿಗೆ ಒರಗಿ ಅತ್ತೆ. ಅವರು ಸಮಾಧಾನದ ಮಾತೇನನ್ನೂ ಆಡಲಿಲ್ಲ. ಕ್ಯಾಂಟೀನಿನಿಂದ ಚಹಾ ತಂದುಕೊಟ್ಟು ಸುಮ್ಮನೆ ಕುಳಿತರು.

ಜೀವಕ್ಕೆ ಅಪಾಯವಿಲ್ಲ, ಬಲಗೈಯ ಬಗ್ಗೆ ಮಾತ್ರ ಈಗಲೇ ಹೇಳಲಾಗದು ಎಂದು ವೈದ್ಯರು ತಿಳಿಸಿದ ಮೇಲೆ, ಯಾಕೋ ನಾನು ಅವರಿಗೆ ಟೋನಿ ಅಯೋಮಿಯ ಕಥೆ ಹೇಳತೊಡಗಿದೆ. 1968ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಗೆಳೆಯರೊಡನೆ ಬ್ಲ್ಯಾಕ್ ಸಬ್ಬತ್ ಎಂಬ ಹೆವಿ ರಾಕ್ ಬ್ಯಾಂಡ್ ಕಟ್ಟಿದ ಈ ಎಡಚ ಗಿಟಾರ್ ವಾದಕ, ಅದಕ್ಕೂ ಮೊದಲು, 17ನೆಯ ವಯಸ್ಸಿನಲ್ಲಿ ಲೋಹದ ಕಾರ್ಖಾನೆಯ ಯಂತ್ರಕ್ಕೆ, ತಂತಿ ಒತ್ತುವ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡಿದ್ದರು. ಇನ್ನು ನುಡಿಸುವುದಿಲ್ಲವೆಂದು ಕುಳಿತವರಿಗೆ ಕಾರ್ಖಾನೆಯ ಫೋರ್‌ಮನ್, ಬೆಂಕಿಯಲ್ಲಿ ಕೈ ಸುಟ್ಟುಕೊಂಡು ಎರಡೇ ಬೆರಳುಗಳಿಂದ ಸ್ವರಗಳನ್ನು ನುಡಿಸಿದ ಜಾಝ್ ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್‌ರ ರೆಕಾರ್ಡ್ ಕೇಳಿಸಿದರು. ಅಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡರು, ತೆಳು ತಂತಿ ಹಾಕಿದರು, ಮುಂದೆ ಅವುಗಳ ಬಿಗಿಯನ್ನೂ ಸಡಿಲಿಸಿದರು. ನಮ್ಮನ್ನೆಲ್ಲ ಹಿಡಿದಿಟ್ಟ ಆ ಭಾರವಾದ ನಾದದಲ್ಲಿ ಈ ಸಡಿಲಿಕೆಯ ಪಾಲೂ ಇದೆ.

ಅಣ್ಣ ಎಲ್ಲವನ್ನೂ ಕೇಳಿ, "ನಿಮ್ಮವನಿಗೆ ಕಾಲೆರಡೂ ನೆಟ್ಟಗಿವೆಯಲ್ಲ? ಅವನ ಗದ್ದಲದಲ್ಲಿ ಮುಕ್ಕಾಲು ಪಾಲು ಕಾಲಿನದೇ" ಎಂದರು. ಎರಡೂ ಕಾಲುಗಳಿಂದ ಡ್ರಮ್ ಬಾರಿಸುವ ಡಬಲ್ ಪೆಡಲ್ ಇಟ್ಟುಕೊಂಡವನ ಬಗ್ಗೆ ಇದಕ್ಕಿಂತ ಸರಿಯಾದ ವಿಮರ್ಶೆ ನಾನು ಕೇಳಿಲ್ಲ. ಶನಿವಾರ ನಾವು ನುಡಿಸಿದ ಹಾಡುಗಳನ್ನು ಆ ಮಾತಿನಂತೆಯೇ ಹೊಸದಾಗಿ ಜೋಡಿಸಿದ್ದೆವು: ಬಲಗೈಗೆ ಬಿಡುವು, ಎಡಗೈಗೆ ಹೆಚ್ಚು ಕೆಲಸ, ಉಳಿದದ್ದೆಲ್ಲ ಕಾಲಿಗೆ.

ಕಾರ್ಯಕ್ರಮದ ಮೈಕ್ ಬಾಡಿಗೆಯನ್ನು ಅವರಿನ್ನೂ ತೆಗೆದುಕೊಂಡಿಲ್ಲ. ನಾಳೆ ನಾಲ್ವರೂ ಅವರ ಮನೆಗೆ ಹೋಗುತ್ತಿದ್ದೇವೆ. ಅವರು ಬೇಡವೆಂದರೆ ಅತ್ತಿಗೆಯ ಕೈಗೆ ಕೊಟ್ಟು ಬರುತ್ತೇವೆ.